ಬೆಲ್ಟು ನಿಂತ ಮೇಲೆ ನಾಲ್ಕೆಣಿಕೆ

ಚೌಕಾಸಿ ನನ್ನ ಕಸುಬು. ಅದರಲ್ಲಿ ನನ್ನನ್ನು ಬರಿಗೈಯಲ್ಲಿ ಕಳಿಸಿದವರು ಒಬ್ಬರೇ. ಅವರು ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ, ಕಟ್ಟಿದ ಪ್ಯಾನೆಲ್ಲಿನ ಮೇಲೆ ಕೂಡ ಹೆಸರು ಹಾಕಿಸಿಕೊಳ್ಳದ ಮನುಷ್ಯ. ಚಿತ್ರದುರ್ಗದ ಮೋಟರು ರಿಪೇರಿ ಅಂಗಡಿಗಳ ಸಾಲಿನಲ್ಲಿ ನಿಂತು ‘ಉಸ್ತಾದರು ಎಲ್ಲಿ?’ ಎಂದು ಕೇಳಿದರೆ ಯಾರಾದರೂ ಕೈ ತೋರಿಸುತ್ತಿದ್ದರು. ನಾನೂ ಹಾಗೇ ಕೇಳಿಕೊಂಡು ಹೋದವನು.

ನನ್ನ ಊರು ಭರಮಸಾಗರದ ಕಡೆ. ಓದು ಹತ್ತನೇ ತರಗತಿಗೆ ನಿಂತಿತು. ಕೆರೆ ಕೆಳಗಿನ ಜಮೀನುಗಳಿಗೆ ಸೈಕಲ್ಲಿನಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಒಯ್ದು ಮಾರಿದೆ. ಆಮೇಲೆ ದುರ್ಗದಲ್ಲಿ ಸ್ಟಾರ್ಟರ್ ಅಂಗಡಿ ಇಟ್ಟೆ. ಅದು ಕೈಹಿಡಿದ ಮೇಲೆ ಕಾರ್ಖಾನೆಗಳಿಗೆ ಪ್ಯಾನೆಲ್ ಕಟ್ಟುವ ಶೆಡ್ಡು ಹಾಕಿದೆ. ಪ್ಯಾನೆಲ್ ಅಂದರೆ ಯಂತ್ರದ ಪಕ್ಕ ನಿಂತಿರುವ ಕಬ್ಬಿಣದ ಬೀರು. ಅದರೊಳಗೆ ಒಂದು ಪುಟ್ಟ ಕಂಪ್ಯೂಟರು ಕೂತು, ಯಾವ ಮೋಟರು ಯಾವಾಗ ತಿರುಗಬೇಕು, ಯಾವ ಬಾಗಿಲು ಯಾವಾಗ ತೆರೆಯಬೇಕು ಎಂದು ಅಪ್ಪಣೆ ಕೊಡುತ್ತಿರುತ್ತದೆ. ಬೀರು ಕಟ್ಟುವುದು ನನಗೆ ಗೊತ್ತಿತ್ತು. ಒಳಗೆ ಕೂತಿರುವುದಕ್ಕೆ ಬುದ್ಧಿ ಬರೆಯುವವರು ಬೇಕಾಗಿತ್ತು.

ಉಸ್ತಾದರು ಮೊದಲು ಮೋಟರಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ಅವರ ತಂದೆ ಗಡಿಯಾರ ರಿಪೇರಿಯವರು, ತಾತ ಬೀಗ ಮಾಡುತ್ತಿದ್ದವರಂತೆ. ಯಾರೋ ಸುಟ್ಟುಹೋಯಿತೆಂದು ಎಸೆದ ಪ್ಯಾನೆಲ್ಲುಗಳನ್ನು ಬಿಚ್ಚಿ, ಒಳಗಿನ ಪ್ರೋಗ್ರಾಮನ್ನು ಹೊರಗೆ ತೆಗೆದು ಓದಿ ಓದಿ ಬರೆಯುವುದನ್ನು ಕಲಿತಿದ್ದರು. ಕಾಲೇಜಿನ ಮೆಟ್ಟಿಲು ಇಬ್ಬರೂ ಹತ್ತಿದವರಲ್ಲ. ಆ ಧೈರ್ಯದ ಮೇಲೆ ಮೊದಲ ದಿನವೇ ಚೌಕಾಸಿಗೆ ಇಳಿದೆ.

“ಎಷ್ಟು ದಿನ ಬೇಕು ಉಸ್ತಾದ್?”

“ಇಪ್ಪತ್ತು.”

“ಹತ್ತರಾಗೆ ಮುಗಿಸ್ರಿ.”

“ಆತು.”

ಚೌಕಾಸಿ ಇಷ್ಟು ಸಲೀಸಾಗಿ ಮುಗಿದರೆ ಎದುರಿನವರು ಏನನ್ನೋ ಬಚ್ಚಿಟ್ಟುಕೊಂಡಿದ್ದಾರೆ ಎಂದು ತಿಳಿಯಿರಿ. ಹೊಸದಾಗಿ ವ್ಯಾಪಾರಕ್ಕೆ ಇಳಿದವರಿಗೆ ನಾನು ಹೇಳುವ ಮೊದಲ ಮಾತು ಇದು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ತಲೆ ಕೆರೆದುಕೊಳ್ಳುತ್ತ ಅವರು ಮುಂದುವರಿಸಿದರು.

“ಹತ್ತು ದಿನ ನೋಡಾಕೆ ಗೌಡ್ರೇ. ಬರೆಯಾಕೆ ಇನ್ನ ಹತ್ತು.”

ನೋಡುವುದು ಅಂದರೆ ನಿಜವಾಗಿಯೂ ನೋಡುವುದೇ. ಎಲ್ಲಿಗೆ ಹೋದರೂ ಯಂತ್ರದ ಎದುರು ಒಂದು ಡಬ್ಬ ಬೋರಲು ಹಾಕಿಕೊಂಡು ಕೂತುಬಿಡುತ್ತಿದ್ದರು. ಕಣ್ಣು ಮುಚ್ಚಿ ಎಡಗೈ ಬೆರಳಿನಲ್ಲಿ ಒಂದು ಲಯ, ಬಲಗೈ ಬೆರಳಿನಲ್ಲಿ ಇನ್ನೊಂದು ಲಯ ತೊಡೆಯ ಮೇಲೆ ಬಡಿಯುತ್ತಿದ್ದರು. ಎಡಗೈ ಒಂದು ಮೋಟರು, ಬಲಗೈ ಇನ್ನೊಂದು. ನೋಡಿದವರಿಗೆ ತಬಲದ ಹುಚ್ಚು ಅನ್ನಿಸಬೇಕು. ಇದೇನು ಎಂದು ಕೇಳಿದ್ದಕ್ಕೆ ಒಮ್ಮೆ ಹೇಳಿದ್ದರು: “ಎರಡೂ ತಮ್ಮ ಪಾಡಿಗೆ ನಡೀತಿರ್ತಾವೆ. ಯಾವಾಗಲೋ ಒಂದು ಸಲ ಎರಡೂ ಕೂಡೇ ಬಡಿತಾವೆ. ಆ ಜಾಗ ಹುಡುಕ್ಬೇಕು. ಜಗಳ ಇರೋದು ಅಲ್ಲೇ.”

ಹಿರಿಯೂರು ತಾಲ್ಲೂಕಿನ ಆದಿವಾಲದಲ್ಲಿ ಒಂದು ದಾಳಿಂಬೆ ತೋಟಕ್ಕೆ ಪ್ಯಾನೆಲ್ ಹಾಕಿದ್ದೆವು. ಒಂದೇ ಪಂಪು, ಆರು ವಾಲ್ವು. ಒಂದು ಪಟ್ಟಿ ಗಿಡಗಳಿಗೆ ನೀರು ಹಾಯಿಸಿ ಮುಗಿದರೆ ಅದರ ವಾಲ್ವು ಮುಚ್ಚಿ ಮುಂದಿನದು ತೆರೆಯಬೇಕು. ಅಂಥ ಕಷ್ಟದ ಕೆಲಸವೇನಲ್ಲ. ಮೋಟರು ಆಫ್ ಆದ ಕೂಡಲೇ ವಾಲ್ವು ಮುಚ್ಚುವಂತೆ ಬರೆದು ಹೊರಡೋಣ ಎಂದು ನನ್ನ ಅವಸರ. ಉಸ್ತಾದರು ನನ್ನನ್ನು ಕರೆದು ಪೈಪಿಗೆ ಕಿವಿ ಇಡಲು ಹೇಳಿದರು.

“ಮೋಟರು ನಿಂತೈತಾ?”

“ನಿಂತೈತೆ.”

“ನೀರು?”

ಪೈಪಿನೊಳಗೆ ನೀರು ಗೊರಗೊರ ಎಂದು ಇನ್ನೂ ಓಡುತ್ತಿತ್ತು.

“ಮೋಟರಿಗೆ ನಾವು ಹೇಳಿದ್ವಿ, ಅದು ಕೇಳ್ತು. ನೀರಿಗೆ ಯಾರು ಹೇಳಿದ್ರು? ಈಗ ಬಾಗ್ಲು ಹಾಕಿದ್ರೆ ಅದು ಪೈಪಿಗೇ ಗುದ್ತೈತೆ. ಕಂಪ್ಯೂಟರಾಗೆ ಆಗಿದ್ದು ಹೊಲದಾಗೂ ಆಗೈತೆ ಅಂತ ತಿಳ್ಕಳೋದೇ ನಮ್ಮ ತಪ್ಪು.”

ಆ ಪೈಪುಗಳು ಇವತ್ತಿಗೂ ಒಡೆದಿಲ್ಲ. ಅದೇ ದಾರಿಯಲ್ಲಿ ಬೇರೆಯವರು ಹಾಕಿಕೊಟ್ಟ ತೋಟಗಳಲ್ಲಿ ವರ್ಷಕ್ಕೊಮ್ಮೆ ಒಡೆಯುತ್ತವೆ. ನೀವು ಯಾರಾದರೂ ಇಂಥದ್ದನ್ನು ಕೊಳ್ಳಲು ಹೊರಟಿದ್ದರೆ, ಬೆಲೆ ಕೇಳುವ ಮುಂಚೆ, ಬರೆಯುವವನು ಹೊಲಕ್ಕೆ ಬರುತ್ತಾನೋ ಇಲ್ಲವೋ ಕೇಳಿ.

ಆದರೆ ಉಸ್ತಾದರೆಂದರೆ ನನಗೆ ಮೊದಲು ನೆನಪಾಗುವುದು ಪಿಸ್ಟನ್ ರಿಂಗು.

ಹೊಸದುರ್ಗದಲ್ಲಿ ಒಂದು ಕೊಬ್ಬರಿ ಪುಡಿ ಕಾರ್ಖಾನೆಯ ಕೆಲಸ ಬಂದಿತ್ತು. ತೊಳೆದ ಕಾಯಿ ಚೂರುಗಳನ್ನು ಎಡದಿಂದ ಒಂದು ಬೆಲ್ಟು, ಬಲದಿಂದ ಒಂದು ಬೆಲ್ಟು ತಂದು ನಡುವಿನ ತೊಟ್ಟಿಗೆ ಸುರಿಯಬೇಕು. ತೊಟ್ಟಿ ತುಂಬಿದಾಗ ಬೆಲ್ಟು ನಿಂತು, ತಳದಲ್ಲಿರುವ ಉಕ್ಕಿನ ತಟ್ಟೆ ಗಾಳಿಯ ಒತ್ತಡಕ್ಕೆ ಸರಿಯುತ್ತದೆ. ಚೂರೆಲ್ಲ ಕೆಳಗಿನ ಗ್ರೈಂಡರಿಗೆ ಬೀಳುತ್ತದೆ. ತಟ್ಟೆ ಮತ್ತೆ ಪಟ್ಟನೆ ಮುಚ್ಚುತ್ತದೆ. ತೊಟ್ಟಿ ಖಾಲಿಯೋ ತುಂಬಿದೆಯೋ ಎಂದು ಹೇಳಲು ಒಂದು ಸೆನ್ಸರು. ಎರಡು ಬೆಲ್ಟೂ ಆ ಸೆನ್ಸರು ನೋಡಿಕೊಂಡು ಸುರಿದರಾಯಿತು, ಇನ್ನೇನಿದೆ ಎಂದೆ. ಉಸ್ತಾದರು ವಾದ ಮಾಡಲಿಲ್ಲ. ನನ್ನನ್ನೂ ನಮ್ಮ ವೆಲ್ಡರ್ ತಾಳ್ಯದ ತಿಪ್ಪೇಸ್ವಾಮಿಯನ್ನೂ ಶೆಡ್ಡಿನ ನಡುವೆ ನಿಲ್ಲಿಸಿದರು. ನೆಲದ ಮೇಲೆ ಒಂದು ಬಾಣಲಿ. ನಮ್ಮಿಬ್ಬರ ಕೈಗೂ ಒಂದೊಂದು ತಟ್ಟೆ ತುಂಬ ನಟ್ಟು ಬೋಲ್ಟು.

“ಗೌಡ್ರೇ, ನೀವು ಎಡಗಡೆ ಬೆಲ್ಟು. ತಿಪ್ಪೇಸ್ವಾಮಿ, ನೀನು ಬಲಗಡೇದು. ಬಾಣಲಿ ಖಾಲಿ ಕಂಡ್ರೆ ಸುರೀರಿ. ಮುಖ ಮುಖ ನೋಡಂಗಿಲ್ಲ, ಮಾತಾಡಂಗಿಲ್ಲ.”

“ವ್ಯಾಪಾರ ಬಿಟ್ಟು ನಾಟಕ ಆಡಾಣ ಅಂತೀರಾ?”

“ಬೆಲ್ಟು ಮಾತಾಡಲ್ಲ ಗೌಡ್ರೇ,” ಎಂದು ತಿಪ್ಪೇಸ್ವಾಮಿ ಕಿಸಕ್ಕನೆ ನಕ್ಕ.

ಉಸ್ತಾದರು ಚಪ್ಪಾಳೆ ತಟ್ಟಿದರು. ಇಬ್ಬರೂ ಬಗ್ಗಿ ನೋಡಿದೆವು, ಇಬ್ಬರೂ ಸುರಿದೆವು. ಬಾಣಲಿ ತುಂಬಿ ಚೆಲ್ಲಿ ನಟ್ಟುಗಳು ಶೆಡ್ಡಿನ ಮೂಲೆ ಮೂಲೆಗೂ ಉರುಳಿದವು.

“ಖಾಲಿ ಇತ್ತಲ್ಲಲೇ!” ಎಂದೆ.

“ನನಗೂ ಖಾಲಿನೇ ಕಾಣ್ತು ಕಣ್ರೀ!”

“ಇಬ್ರೂ ಸುಳ್ಳು ಹೇಳ್ಲಿಲ್ಲ,” ಎಂದರು ಉಸ್ತಾದರು. “ನೋಡಿದ್ದಕ್ಕೂ ಸುರಿದಿದ್ದಕ್ಕೂ ನಡುವೆ ಒಂದು ಸಂದು ಐತಲ್ಲ, ಅದರಾಗೆ ಇನ್ನೊಬ್ಬ ಬಂದ. ಸೆನ್ಸರು ಹೇಳೋದು ಆಗ ಕಂಡದ್ದು. ಈಗ ಇರೋದಲ್ಲ.”

ಆಮೇಲೆ ಯಾವುದೋ ಇಂಜಿನ್ನಿನಿಂದ ತೆಗೆದ, ಬಳೆಯಂಥ ಸವೆದ ಪಿಸ್ಟನ್ ರಿಂಗೊಂದನ್ನು ತಂದು ಗೋಡೆಯ ಮೊಳೆಗೆ ನೇತುಹಾಕಿದರು. ಚಿಕ್ಕವರಿದ್ದಾಗ ಚಿಕ್ಕಜಾಜೂರಿನ ಒಂಟಿ ಹಳಿಯಲ್ಲಿ ರೈಲು ಬರುವುದನ್ನು ನೋಡಲು ಹೋಗುತ್ತಿದ್ದರಂತೆ. ಸ್ಟೇಷನ್ನಿನವರು ಬಳೆಯಂಥ ದೊಡ್ಡ ರಿಂಗೊಂದನ್ನು ಡ್ರೈವರಿಗೆ ಕೊಡುತ್ತಿದ್ದರು. ಅದು ಕೈಯಲ್ಲಿದ್ದ ಗಾಡಿ ಮಾತ್ರ ಆ ಹಳಿಗೆ ಇಳಿಯಬೇಕು. ಇನ್ನು ಮುಂದೆ ನಮಗೂ ಅದೇ ಕಾನೂನು. ರಿಂಗು ಕೈಗೆ ತೆಗೆದುಕೊಂಡವನೇ ನೋಡಬೇಕು, ಅವನೇ ಸುರಿಯಬೇಕು, ರಿಂಗನ್ನು ಮೊಳೆಗೆ ವಾಪಸು ಹಾಕಬೇಕು. ಆಮೇಲೆ ಇನ್ನೊಬ್ಬ. ನಟ್ಟು ಒಂದೂ ಚೆಲ್ಲಲಿಲ್ಲ.

ಚೂರು ತೊಳೆಯುವ ನೀರಿನ ಕೊಳಾಯಿಯೂ ಎರಡು ಬೆಲ್ಟಿಗೆ ಒಂದೇ ಇತ್ತು. ಅದಕ್ಕೆಂದು ಇನ್ನೊಂದು ಚಿಕ್ಕ ರಿಂಗು ಬಂತು. ಈಗ ಸುರಿಯಬೇಕಾದರೆ ಎರಡೂ ರಿಂಗು ಬೇಕು. ಚಪ್ಪಾಳೆ ತಟ್ಟಿದ್ದೇ ನಾನು ದೊಡ್ಡದನ್ನು ಹಿಡಿದೆ, ತಿಪ್ಪೇಸ್ವಾಮಿ ಚಿಕ್ಕದನ್ನು ಹಿಡಿದ. ಇಬ್ಬರೂ ನಿಂತೆವು. ಚಾ ಬಂತು. ಆರಿತು. ನಾನು ಸುಮ್ಮನಿರುವವನೇ?

“ಲೇ, ಅದನ್ನ ಮೊದ್ಲು ನೀನು ಬಿಡು. ಆಮೇಲೆ ನಾನು ಬಿಡ್ತೀನಿ.”

“ನೀವು ಮೊದ್ಲು ಬಿಡ್ರಿ, ಯಜಮಾನ್ರು ನೀವು.”

“ಯಜಮಾನ ಅಂತಲೇ ಬಿಡಲ್ಲ!”

ಉಸ್ತಾದರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನೀವಾದ್ರೆ ಹಿಂಗೆ ಕಿತ್ತಾಡಿ ಒಂದು ದಾರಿ ಮಾಡ್ಕಂತೀರಿ. ಮಿಷನ್ನು ಚೌಕಾಸಿ ಮಾಡಲ್ಲ ಗೌಡ್ರೇ, ಹಂಗೇ ನಿಂತಿರ್ತಾವೆ. ಕೆಟ್ಟೋಗೈತೆ ಅಂತ ನಾವು ಬಿಚ್ಚಾಕೆ ಶುರು ಮಾಡ್ತೀವಿ. ಏನೂ ಕೆಟ್ಟಿರಲ್ಲ!” ಅವತ್ತು ಹುಟ್ಟಿದ ಕಾನೂನು: ಯಾರೇ ಆಗಲಿ ದೊಡ್ಡ ರಿಂಗು ಮೊದಲು, ಚಿಕ್ಕದು ಆಮೇಲೆ. ಆ ಪೇಚಾಟ ಹೊಸದುರ್ಗದಲ್ಲಿ ಆಗುವ ಬದಲು ನಮ್ಮ ಶೆಡ್ಡಿನಲ್ಲೇ ಆಗಿಹೋಯಿತು.

ಈ ಆಟದ ನಡುವೆ ನನಗೊಂದು ಫೋನು ಬಂದಿತ್ತು. ಮಾತಾಡುತ್ತಲೇ ಬಾಣಲಿಗೆ ಕೈ ಹಾಕಿ ನಟ್ಟು ಕೆದಕುತ್ತಿದ್ದೆನಂತೆ. ತಿಪ್ಪೇಸ್ವಾಮಿ ಸುರಿದದ್ದು ನನ್ನ ಕೈಮೇಲೆ ಬಿತ್ತು. ಉಸ್ತಾದರು ನಗಲಿಲ್ಲ. “ಮಾತಿಗೆ ಕುಂತ್ರೆ ನಿಮ್ಮ ಕೈ ನಿಮ್ಮ ಮಾತು ಕೇಳಲ್ಲ,” ಎಂದರಷ್ಟೇ.

ಇನ್ನು ಹೇಳಲು ನಾಚಿಕೆಯಾಗುವ ಭಾಗ. ಹೊಸದುರ್ಗದ ತೊಟ್ಟಿಯ ಮೇಲೆ ಒಂದು ಮುಚ್ಚಳ ಬೇಕು, ಅದಕ್ಕೆ ಸ್ವಿಚ್ಚು ಇರಬೇಕು, ಮುಚ್ಚಳ ತೆರೆದಿದ್ದರೆ ತಟ್ಟೆ ಅಲುಗಲೇಬಾರದು ಎಂದು ಉಸ್ತಾದರು ಬರೆದುಕೊಟ್ಟಿದ್ದರು. ಕಾರ್ಖಾನೆಯ ಯಜಮಾನರಿಗೆ ಅದು ಬೇಡವಾಗಿತ್ತು; ಪದೇ ಪದೇ ತೆರೆದು ಮುಚ್ಚುವುದರಲ್ಲಿ ಹೊತ್ತು ಹೋಗುತ್ತದೆ ಎಂದರು. ಬೇರೆ ಪಾರ್ಟಿಯವರೂ ಬಂದು ಕೂತಿದ್ದರು. ಚೌಕಾಸಿಯಲ್ಲಿ ಒಂದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಹಿಡಿಯಬೇಕು. ನಾನು ಮುಚ್ಚಳ ಬಿಟ್ಟುಕೊಟ್ಟೆ.

“ಬಿಟ್ಟುಕೊಟ್ರಾ?” ಎಂದು ಕೇಳಿದರು ಉಸ್ತಾದರು.

“ಆರ್ಡರ್ ಬಂತಲ್ರೀ.”

ಪೆನ್ಸಿಲನ್ನು ಕಿವಿಯ ಹಿಂದೆ ಸಿಗಿಸಿಕೊಂಡು ಎದ್ದುಹೋದರು. ಮಾರನೇ ದಿನ ಒಬ್ಬರೇ ಬಸ್ಸು ಹತ್ತಿ ಹೊಸದುರ್ಗಕ್ಕೆ ಹೋಗಿ ಸಂಜೆಗೆ ವಾಪಸಾದರು. ಏನು ಮಾಡಿದಿರಿ ಎಂದರೆ, “ನೋಡ್ದೆ.”

ಯಂತ್ರ ಚಾಲೂ ಮಾಡಿದ ದಿನ ಬೆಲ್ಟು ನಿಂತಿತು, ಆದರೆ ತಟ್ಟೆ ತಕ್ಷಣ ಸರಿಯಲಿಲ್ಲ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುವಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಸರಿಯಿತು. ಪ್ರತಿ ಸಲವೂ ಹಾಗೇ.

“ಯಾಕೆ ನಿಂತೈತೆ?” ಎಂದು ಪಿಸುಗುಟ್ಟಿದೆ.

“ಕಾಯ್ತೈತೆ.”

“ಯಾರಿಗೆ?”

“ಕಾಯ್ಬೇಕಾದೋರಿಗೆ.”

ಅಷ್ಟರಲ್ಲಿ ಯಜಮಾನರೂ ಅದನ್ನೇ ಕೇಳಿದರು. ಗೊತ್ತಿಲ್ಲ ಎನ್ನಲು ನನಗೆ ಮರ್ಯಾದೆ ಅಡ್ಡ ಬಂತು. “ಗಾಳಿ ತುಂಬ್ಕಳಾಕೆ ಹೊತ್ತು ಬೇಕು ಯಜಮಾನ್ರೇ,” ಎಂದುಬಿಟ್ಟೆ. ಉಸ್ತಾದರು ನನ್ನ ಮುಖ ನೋಡಿದರು. ತಿದ್ದಲಿಲ್ಲ. ನಾನೂ ಆಮೇಲೆ ಕೇಳಲಿಲ್ಲ.

ನಮ್ಮ ಶೆಡ್ಡಿನಲ್ಲಿ ತಗಡು ಬಾಗಿಸುವ ಪ್ರೆಸ್ಸಿಗೂ ಅವರೇ ಬರೆದುಕೊಟ್ಟಿದ್ದರು. ಅದೂ ಹೀಗೇ. ಗುಂಡಿ ಒತ್ತಿದ ಮೇಲೆ ಎರಡು ಎಣಿಸಿ ಇಳಿಯುತ್ತದೆ. ಮುದಿ ಎತ್ತು ಎಂದು ನಾನು ಅದನ್ನು ದಿನಾ ಬೈಯುತ್ತಿದ್ದೆ. ಅವರ ಬರವಣಿಗೆಗೆ ವಯಸ್ಸಾಗಿದೆ ಎಂದುಕೊಂಡಿದ್ದೆ.

ಉಸ್ತಾದರ ಮಣ್ಣಿಗೆ ಹೋಗಿಬಂದ ವಾರದಲ್ಲೇ ಹೊಸದುರ್ಗದ ಯಜಮಾನರ ಫೋನು.

“ಪಾಪ, ನಿಮ್ಮ ಉಸ್ತಾದ್ರು ಹೋದ್ರಂತೆ. ಒಳ್ಳೇ ಮನುಷ್ಯ. ನೋಡ್ರಿ ಗೌಡ್ರೇ, ಹೊಸ ಕಂಪ್ರೆಸರ್ ಹಾಕೀವಿ, ಗಾಳಿ ಈಗ ದಂಡಿಯಾಗೈತೆ. ಆ ನಾಲ್ಕೆಣಿಕೆ ತೆಗೆದುಬಿಡ್ರಿ. ಸುಮ್ನೆ ಕಾಯೋದ್ರಾಗೆ ದಿನಕ್ಕೆಷ್ಟು ಹೊತ್ತು ಹೋಗ್ತೈತೆ! ದಾವಣಗೆರೆಯೋರು ಬಂದು ನೋಡಿ, ಅರ್ಧ ಗಂಟೆ ಕೆಲ್ಸ ಅಂದ್ರು. ಇಂಥದ್ದೇ ಎರಡನೇ ಲೈನೂ ಹಾಕ್ಸೋದೈತೆ. ಇದನ್ನ ಯಾರು ತೆಗೀತಾರೋ ಅದೂ ಅವರಿಗೇ.”

ಸೋಮವಾರ ಬರುತ್ತೇನೆ ಎಂದೆ. ನನ್ನ ಶೆಡ್ಡಿಗೆ ಅಷ್ಟು ದೊಡ್ಡ ಕೆಲಸ ಬಂದು ಬಹಳ ದಿನವಾಗಿತ್ತು. ಉಸ್ತಾದರ ಪ್ರೋಗ್ರಾಮುಗಳೆಲ್ಲ ನಮ್ಮ ಕಂಪ್ಯೂಟರಿನಲ್ಲೇ ಇದ್ದವು. ಅವರ ಜೊತೆ ಕೂತು ತಿಪ್ಪೇಸ್ವಾಮಿ ಅಷ್ಟಿಷ್ಟು ಓದಲು ಕಲಿತಿದ್ದ. ಕಾಯುವ ಸಾಲನ್ನು ಹುಡುಕಿ ತೋರಿಸಿದ. ಅದರ ಪಕ್ಕದಲ್ಲಿ, ಯಂತ್ರ ಓದದ, ಮನುಷ್ಯರಿಗೆಂದೇ ಬರೆದಿಡುವ ಟಿಪ್ಪಣಿಯ ಜಾಗದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಕನ್ನಡ ಮಾತಿತ್ತು: ಹನುಮಕ್ಕನಿಗೆ.

“ಯಾರಲೇ ಇವಳು?”

“ನನಗೇನು ಗೊತ್ತ್ರೀ. ಹೋಗಿ ಕೇಳಾಣ ಬರ್ರಿ.”

ಸೋಮವಾರ ಬೆಳಿಗ್ಗೆ ಹೊಳಲ್ಕೆರೆ ದಾಟಿ ಹೊಸದುರ್ಗ ಸೇರಿದೆವು. ಯಜಮಾನರು ಇನ್ನೂ ಬಂದಿರಲಿಲ್ಲ. ಹನುಮಕ್ಕ ಅಂತ ಯಾರಾದರೂ ಇದ್ದಾರಾ ಎಂದರೆ, ತೊಟ್ಟಿಯ ಬಳಿ ನಿಂತಿದ್ದ, ಸೆರಗು ಬಿಗಿದು ಕಟ್ಟಿದ್ದ ಹೆಂಗಸೊಬ್ಬಳು ತಲೆಯೆತ್ತದೆ ಹೇಳಿದಳು: “ನಾನೇ. ಏನ್ರಿ?”

ಅವಳ ಕೆಲಸ ಚೂರುಗಳ ನಡುವೆ ಬಂದ ಕರಟದ ತುಣುಕು ಹೆಕ್ಕುವುದು. ಬೆಲ್ಟು ಓಡುವಾಗ ಕರಟ ಕಾಣುವುದಿಲ್ಲ, ನಿಂತಾಗ ಮಾತ್ರ ಕಾಣುತ್ತದೆ. ನಾನು ನೋಡುತ್ತ ನಿಂತೆ. ಬೆಲ್ಟು ನಿಂತಿತು. ಒಂದಕ್ಕೆ ಅವಳ ಕೈ ತೊಟ್ಟಿಗೆ ಇಳಿಯಿತು, ಎರಡಕ್ಕೆ ಹೆಕ್ಕಿತು, ಮೂರಕ್ಕೆ ಮೇಲೆ ಬಂತು. ನಾಲ್ಕು ಮುಗಿದದ್ದೇ ಉಕ್ಕಿನ ತಟ್ಟೆ ಸರಿದು, ಚೂರೆಲ್ಲ ಕೆಳಗೆ ಬಿದ್ದು, ಪಟ್ಟನೆ ಮುಚ್ಚಿಕೊಂಡಿತು. ಅವಳು ಪಕ್ಕದವಳ ಜೊತೆ ಮಾತಾಡುತ್ತಲೇ ಇದ್ದಳು.

“ಹೆದ್ರಿಕೆ ಆಗಲ್ವೇನಮ್ಮ?”

“ಯಾಕ್ರಿ? ನಾನು ಕೈ ತೆಗೆಯೋಗಂಟ ಅದು ನಿಂತಿರ್ತೈತೆ. ಬಲು ಒಳ್ಳೇ ಮಿಷನ್ನು. ಈ ಬೀರು ಬರಾಕೆ ಮುಂಚೆ, ಬೆಲ್ಟನ್ನ ಸ್ವಿಚ್ಚು ಒತ್ತಿ ನಾವೇ ನಿಲ್ಲಿಸ್ತಿದ್ದಾಗ, ಇದನ್ನ ಹಾಕಿದ ಸಾಬ್ರು ಒಂದು ದಿನ ಪೂರ್ತಿ ಇಲ್ಲೇ ಡಬ್ಬದ ಮ್ಯಾಲೆ ಕುಂತು ನನ್ನ ಕೈನೇ ನೋಡ್ತಿದ್ರು. ಏನ್ರಿ, ಭವಿಷ್ಯ ಹೇಳ್ತೀರಾ ಅಂದೆ. ಕೈ ಹಾಕ್ಬ್ಯಾಡ ಕಣಮ್ಮ ಅಂದ್ರು. ಪುಡಿಯಾಗೆ ಕರಟ ಬಂದ್ರೆ ಬೈಸ್ಕಳೋಳು ನಾನು, ಹಾಕೇ ಹಾಕ್ತೀನಿ ಅಂದೆ. ಎಷ್ಟೊತ್ತು ಬೇಕು ನಿನಗೆ ಅಂದ್ರು. ನನಗೇನು ಗೊತ್ತು, ಕೈ ತಾನೇ ಬರ್ತೈತೆ ಅಂದೆ. ನಕ್ಕಂಡು ಬೆರಳು ಬಡೀತಾ ಕುಂತ್ರು.”

ನಾನು ಚೌಕಾಸಿಯಲ್ಲಿ ಬಿಟ್ಟುಕೊಟ್ಟದ್ದನ್ನು ಆ ಮನುಷ್ಯ ಯಾರಿಗೂ ಹೇಳದೆ ಒಂದು ಸಾಲಿನಲ್ಲಿ ವಾಪಸು ತಂದಿಟ್ಟಿದ್ದರು. ನನ್ನ ಒಂದು ಸುಳ್ಳು ಈಗ ಅದನ್ನೂ ಕಿತ್ತುಹಾಕಲು ಹೊರಟಿತ್ತು.

ಯಜಮಾನರು ಬಂದರು. ಬಾಯಲ್ಲಿ ಹೇಳಿದರೆ ಅವರು ಒಪ್ಪುವವರಲ್ಲ. ನಾನಾಗಿದ್ದರೂ ಒಪ್ಪುತ್ತಿರಲಿಲ್ಲ. “ಹತ್ತು ನಿಮಿಷ ಕೊಡ್ರಿ, ಆಮೇಲೆ ನೀವು ಹೇಳಿದಂಗೆ,” ಎಂದೆ. ಯಂತ್ರವನ್ನು ಪೂರ್ತಿ ನಿಲ್ಲಿಸಿ, ದೂರದಲ್ಲಿ ಒಂದು ಕ್ರೇಟು ಇಟ್ಟೆ. ತಿಪ್ಪೇಸ್ವಾಮಿ ಬೆಲ್ಟು. ಅಲ್ಯೂಮಿನಿಯಂ ತಟ್ಟೆ ಹಿಡಿದ ನಾನು ತೊಟ್ಟಿಯ ತಳ. ಯಜಮಾನರು ಹನುಮಕ್ಕ.

“ಏನ್ರಿ ಇದು, ಮಕ್ಕಳಾಟ?”

“ಉಸ್ತಾದ್ರು ಎಲ್ಲಾನೂ ಹಿಂಗೇ ನೋಡ್ತಿದ್ರು. ಬೆಲ್ಟು ನಿಂತ ಕೂಡ್ಲೆ ನಾನು ತಟ್ಟೆ ಬೀಸ್ತೀನಿ, ಕಾಯಲ್ಲ. ನೀವು ಕರಟ ಹೆಕ್ಕಿ.”

“ಗೊತ್ತಿದ್ದೂ ಕೈ ಹಾಕ್ತೀನೇನ್ರಿ?”

ತಿಪ್ಪೇಸ್ವಾಮಿ ಚೂರು ಸುರಿದು ನಿಂತ. ಯಜಮಾನರು ಕೈ ಕಟ್ಟಿ ನಿಂತೇ ಇದ್ದರು. ನಾನು ತಟ್ಟೆ ಬೀಸಿದೆ. ಹನುಮಕ್ಕ ಬಗ್ಗಿ ನೋಡಿ ಬಾಯಿಗೆ ಸೆರಗು ಇಟ್ಟುಕೊಂಡಳು.

“ಯಜಮಾನ್ರೇ, ಕರಟ ಹಂಗೇ ಹೋತು! ನಿಮ್ಮನ್ನ ಯಾರು ಬೈತಾರೆ ಈಗ?”

ಹೆಂಗಸರೆಲ್ಲ ನಕ್ಕರು. ಯಜಮಾನರ ಮುಖ ಕೆಂಪಾಯಿತು. ಎರಡನೇ ಸಲವೂ ಒಂದು ಕರಟ ಹೋಯಿತು. ಮೂರನೇ ಸಲ ಬೆಲ್ಟು ನಿಂತಿದ್ದೇ ದೊಡ್ಡ ಕರಟವೊಂದು ಮೇಲೇ ಕಂಡಿತು. ಅವರ ಕೈ ಅವರನ್ನು ಕೇಳದೆ ಹೋಯಿತು. ತಟ್ಟೆಯ ಅಂಚು ಮಣಿಕಟ್ಟಿಗೆ ಬಡಿದು ಗಡಿಯಾರ ಠಣ್ ಎಂದಿತು.

ಅವರು ಕೈ ತೆಗೆಯದೆ ಹಾಗೇ ನೋಡುತ್ತ ನಿಂತರು.

“ಗಾಳಿ ತುಂಬಾಕೆ ಹೊತ್ತು ಬೇಕು ಅಂತ ಅವತ್ತು ನಾನು ಹೇಳಿದ್ದು ಸುಳ್ಳು,” ಎಂದೆ. “ನನಗೆ ಗೊತ್ತಿರಲಿಲ್ಲ. ಈ ಸಾಲು ನಾನು ತೆಗೆಯಲ್ಲ. ಮುಚ್ಚಳ, ಸ್ವಿಚ್ಚು ಮೊದ್ಲೇ ಹಾಕ್ಬೇಕಿತ್ತು, ಅದನ್ನ ಬಿಟ್ಟುಕೊಟ್ಟೋನು ನಾನು. ಈ ವಾರ ನಾನೇ ಬಂದು ಹಾಕ್ತೀನಿ. ಅದಕ್ಕೆ ಚೌಕಾಸಿ ಇಲ್ಲ.”

“ಮುಚ್ಚಳ ಹಾಕ್ರಿ,” ಎಂದರು ಯಜಮಾನರು, ಮಣಿಕಟ್ಟು ಉಜ್ಜಿಕೊಳ್ಳುತ್ತ. “ಮುಚ್ಚಳ ಬಂದ ಮ್ಯಾಲೆ ಆ ನಾಲ್ಕು?”

“ಅದೂ ಇರ್ಲಿ.”

“ಇರ್ಲಿ,” ಎಂದರು. ಎರಡನೇ ಲೈನಿನ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇದನ್ನು ಬರೆಯುವ ಹೊತ್ತಿಗೂ ಅದು ಬಂದಿಲ್ಲ.

ಹೊರಡುವ ಮುಂಚೆ ಹನುಮಕ್ಕನಿಗೆ ನಿಜ ಹೇಳಲೇಬೇಕಾಗಿತ್ತು. ಮಿಷನ್ನಿಗೆ ಅವಳ ಕೈ ಕಾಣುವುದಿಲ್ಲ, ಅದು ಬರೀ ನಾಲ್ಕು ಎಣಿಸುತ್ತದೆ, ಒಂದು ದಿನ ಅವಳು ತಡ ಮಾಡಿದರೂ ಅದು ತಡ ಮಾಡುವುದಿಲ್ಲ, ಮುಚ್ಚಳ ಬರುವತನಕ ಕೈ ಹಾಕಕೂಡದು ಎಂದೆ. ಅವಳು ತೊಟ್ಟಿಯನ್ನೇ ನೋಡುತ್ತ ನಿಂತಳು.

“ಹಂಗಾರೆ ಇಷ್ಟು ವರ್ಷ ನನ್ನ ಕೈ ನೋಡ್ಕಂಡಿದ್ದೋರು ಯಾರ್ರಿ?”

ಶೆಡ್ಡಿಗೆ ಬಂದವನೇ ಪ್ರೆಸ್ಸಿನ ಪ್ರೋಗ್ರಾಂ ತೆರೆದು ತೋರಿಸಲು ತಿಪ್ಪೇಸ್ವಾಮಿಗೆ ಹೇಳಿದೆ. ಕಾಯುವ ಸಾಲು ಸಿಕ್ಕಿತು. ತಿಪ್ಪೇಸ್ವಾಮಿ ಪಕ್ಕದ ಟಿಪ್ಪಣಿಯನ್ನು ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ಕುರ್ಚಿ ಬಿಟ್ಟೆದ್ದು ನನ್ನನ್ನು ಕೂರಿಸಿದ.

ಗೌಡ್ರಿಗೆ. ಫೋನಿನಲ್ಲಿರ್ತಾರೆ.

“ತೆಗೀಲೇನ್ರಿ? ದಿನಾ ಬೈತಿದ್ರಲ್ಲ, ಮುದಿ ಎತ್ತು ಅಂತ,” ಎಂದ. ಅವನ ದನಿ ತಮಾಷೆಯದಾಗಿರಲಿಲ್ಲ.

ನಾನು ಎದ್ದುಹೋಗಿ ಒಂದು ತಗಡು ಇಟ್ಟು, ಕೈ ದೂರ ತೆಗೆದು, ಗುಂಡಿ ಒತ್ತಿದೆ. ಪ್ರೆಸ್ಸು ಸುಮ್ಮನೆ ನಿಂತಿತು. ಎರಡು ಎಣಿಸಿತು. ಆಮೇಲೆ ಇಳಿಯಿತು.